ಕೆಳಗಿನ ಖಾಲಿ ಜಾಗ

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಂದು ತಂತಿ ನೇತಾಡುತ್ತದೆ. ಕೆಳಗೆ ಮರದ ಬಿಲ್ಲೆ, ಮೇಲೆ ಚೂಪಾಗಿ ಬಾಗಿದ ಕೊಕ್ಕೆ. ಮನೆಗೆ ಬಂದ ಕಾಗದವೆಲ್ಲ ಆ ಕೊಕ್ಕೆಯಿಂದ ಹೊಟ್ಟೆ ತೂತು ಮಾಡಿಸಿಕೊಂಡು, ಕೆಳಗಿಳಿದು, ಒಂದರ ಮೇಲೊಂದು ಕೂರಬೇಕು. ಕರೆಂಟ್ ಬಿಲ್ಲು, ಗ್ಯಾಸಿನ ರಸೀದಿ, ಡಾಕ್ಟರ ಚೀಟಿ, ಊರವರ ಲಗ್ನಪತ್ರಿಕೆ, ಯಾವುದಕ್ಕೂ ವಿನಾಯಿತಿಯಿಲ್ಲ. ನನ್ನ ಹೆಂಡತಿ ಗಿರಿಜ ಈ ವಿಷಯದಲ್ಲಿ ನಿಷ್ಪಕ್ಷಪಾತಿ. ದೇವರ ಚಿತ್ರವನ್ನೂ ಮನುಷ್ಯರ ಹೆಸರನ್ನೂ ತಪ್ಪಿಸಿ ಮಿಕ್ಕ ಎಲ್ಲಿ ಬೇಕಾದರೂ ಚುಚ್ಚುತ್ತಾಳೆ. ಆ ಕಟ್ಟಿನ ನಡುವೆ ದಂತದ ಬಣ್ಣದ ಒಂದು ಕಾರ್ಡಿದೆ. ಅದರ ಕೆಳಗಿನ ಅರ್ಧ ಪೂರಾ ಖಾಲಿ, ಆ ಖಾಲಿಯ ನಟ್ಟನಡುವೆ ತಂತಿ ತೂರಿದೆ. ಅದು ನಮ್ಮ ಮಗಳ ಮದುವೆಯ ಕಾರ್ಡು. ಅದನ್ನು ವಿನ್ಯಾಸ ಮಾಡಿದವನು ನಾನು. ಅದನ್ನು ಚುಚ್ಚುವಾಗ ಗಿರಿಜ ಆಡಿದ ಮಾತು ಇಷ್ಟು: “ಇಷ್ಟು ಜಾಗ ಬಿಟ್ಟಿದ್ದು ಒಳ್ಳೇದೇ ಆತು ಬಿಡ್ರಿ, ಚುಚ್ಚಾಕೆ ಅನುಕೂಲ ಐತೆ.”

ಸಿಟ್ಟು ಬರುವುದಿಲ್ಲವೇ, ನೀವೇ ಹೇಳಿ. ನಾನು ಡ್ರಾಯಿಂಗ್ ಮೇಷ್ಟ್ರು. ನ್ಯಾಮತಿಯಲ್ಲಿ ಹದಿನಾಲ್ಕು ವರ್ಷ, ಆಮೇಲೆ ಈ ಹೊನ್ನಾಳಿಯಲ್ಲಿ, ಹೈಸ್ಕೂಲು ಮಕ್ಕಳಿಗೆ ಚಿತ್ರ ಕಲಿಸುತ್ತ ಕೂದಲು ನರೆಸಿಕೊಂಡವನು. ಕಲಿಸುತ್ತ ಎಂದೆನಲ್ಲ, ಅದು ನನ್ನ ಸಮಾಧಾನಕ್ಕೆ ಆಡಿದ ಮಾತು. ನನ್ನ ಪೀರಿಯಡ್ಡು ವೇಳಾಪಟ್ಟಿಯಲ್ಲಿ ನನ್ನದಾಗಿರುತ್ತದೆ. ಗಂಟೆ ಹೊಡೆಯುವ ಹೊತ್ತಿಗೆ ಗಣಿತದ ಮೇಷ್ಟ್ರು ಬಾಗಿಲಲ್ಲಿ ನಿಂತಿರುತ್ತಾರೆ. “ಸಾರ್, ನಿಮ್ದು ಹೆಂಗೂ ಫ್ರೀ ಅಲ್ವಾ?” ಎನ್ನುತ್ತಾರೆ. ಫ್ರೀ! ಬಿಂದು ಸಾಗಿ ರೇಖೆಯಾಗುತ್ತದೆ, ರೇಖೆ ಸುತ್ತಿ ಬಂದು ತನ್ನ ಬಾಲವನ್ನು ತಾನೇ ಮುಟ್ಟಿದರೆ ಆಕಾರವಾಗುತ್ತದೆ, ಆಕಾರಕ್ಕೆ ಬೆಳಕು ನೆರಳು ತಾಗಿದರೆ ಮೈ ಬರುತ್ತದೆ, ಬಣ್ಣ ಬಿದ್ದರೆ ಜೀವ ಬರುತ್ತದೆ, ಇವೆಲ್ಲ ಒಂದರ ಕಾಲನ್ನೊಂದು ತುಳಿಯದಂತೆ ಕೂರಲು ಸುತ್ತ ಒಂದಿಷ್ಟು ಬಯಲು ಬೇಕಾಗುತ್ತದೆ ಎಂಬುದನ್ನು ನಲವತ್ತು ನಿಮಿಷದಲ್ಲಿ ಹೇಳಿ ಮುಗಿಸಬೇಕಾದ ಮನುಷ್ಯನಿಗೆ ಫ್ರೀ ಅನ್ನುತ್ತಾರೆ. ನಾನೂ ಹಲ್ಲು ಕಿರಿದು, “ತಗೊಳ್ರಿ ಸಾರ್,” ಎಂದು ಪೀರಿಯಡ್ಡು ಬಿಟ್ಟುಕೊಟ್ಟು ಸ್ಟಾಫ್ ರೂಮಿಗೆ ಹೋಗಿ ಕೂರುತ್ತೇನೆ.

ಇದರ ಫಲ ಏನಾಗಿದೆ ಎಂದು ನೋಡಬೇಕಾದರೆ ನೀವು ದೂರ ಹೋಗಬೇಕಿಲ್ಲ, ಯಾವುದಾದರೂ ಬಸ್ ನಿಲ್ದಾಣದ ಎದುರು ನಿಲ್ಲಿ ಸಾಕು. ಹುಟ್ಟುಹಬ್ಬದ ಫ್ಲೆಕ್ಸು ಕಟ್ಟಿರುತ್ತಾರೆ. ಅದರಲ್ಲಿ ಮೂವತ್ತು ಮುಖಗಳಿರುತ್ತವೆ. ಹುಟ್ಟಿದವನು ಯಾರು, ಹರಸುವವನು ಯಾರು, ಕೇಳಬೇಡಿ. ಎಲ್ಲರೂ ಕೂಲಿಂಗ್ ಗ್ಲಾಸು ಹಾಕಿಕೊಂಡು ಒಂದೇ ಕಡೆ ಬೆರಳು ತೋರಿಸುತ್ತಿರುತ್ತಾರೆ. ಒಂದು ಚಿತ್ರದಲ್ಲಿ ಒಂದಕ್ಕೆ ಪ್ರಾಧಾನ್ಯ ಸಿಗಬೇಕಾದರೆ ಉಳಿದವು ತುಸು ಹಿಂದೆ ಸರಿಯಬೇಕು ಎಂದು ನಾನು ಬೋರ್ಡಿನ ಮೇಲೆ ಬರೆಯುತ್ತೇನೆ. ಹಿಂದೆ ಸರಿಯಲು ಒಪ್ಪುವ ಒಂದು ಮುಖವನ್ನು ನಾನಿನ್ನೂ ಫ್ಲೆಕ್ಸಿನಲ್ಲಿ ಕಂಡಿಲ್ಲ. ಬಣ್ಣದ ಕಥೆಯಂತೂ ಹೇಳಿ ಸುಖವಿಲ್ಲ. ನಮ್ಮ ಬೀದಿಯಲ್ಲಿ ಹೊಸದಾಗಿ ಎದ್ದ ಮನೆಯ ಗೋಡೆ ಗಿಳಿಹಸಿರು, ಕಿಟಕಿ ನೇರಳೆ, ಕಾಂಪೌಂಡು ಕಿತ್ತಳೆ. ವೈದೃಶ್ಯ ಎಂದರೆ ಎದುರುಬದುರು ಬಣ್ಣಗಳು ಒಂದನ್ನೊಂದು ಮೆರೆಸುವುದೇ ಹೊರತು ಜಗಳವಾಡುವುದಲ್ಲ ಎಂದು ಆ ಮನೆಯ ಯಜಮಾನರಿಗೆ ಹೇಳಹೋದೆ. ಅವರು ನನ್ನನ್ನು ಕೂರಿಸಿ ಕಾಫಿ ಕೊಟ್ಟು, “ಮೂರೂ ಡಬ್ಬ ಉಳಿದಿದ್ವು ಮೇಷ್ಟ್ರೆ, ಎಲ್ಲಿ ಚೆಲ್ಲಾಕಾಗ್ತದೆ?” ಎಂದರು. ಕಾಫಿ ಚೆನ್ನಾಗಿತ್ತು, ಕುಡಿದು ಬಂದೆ.

ಹಾಗೆಂದು ನಮ್ಮ ಜನಕ್ಕೆ ಕಣ್ಣಿಲ್ಲವೆಂದು ನಾನು ಹೇಳಲಾರೆ. ಚನ್ನಗಿರಿ ಕಡೆಯ ಅಂಗಳಗಳಲ್ಲಿ ಬೇಯಿಸಿದ ಅಡಿಕೆಯನ್ನು ಹರವಿರುವುದನ್ನು ನೋಡಿ. ಒಂದೇ ದಪ್ಪಕ್ಕೆ, ಅಂಚು ಗೆರೆ ಎಳೆದ ಹಾಗೆ, ನಡುನಡುವೆ ಕಾಲಿಡಲು ಸಮ ಅಂತರದ ದಾರಿ ಬಿಟ್ಟು ಹರವಿರುತ್ತಾರೆ. ಲಯ ಎಂದರೆ ಅದೇ ಅಲ್ಲವೇ? ಹಾಲಿನವನು ಬೈಕಿಗೆ ಎಡಕ್ಕೆರಡು ಬಲಕ್ಕೆರಡು ಕ್ಯಾನು ಕಟ್ಟಿ, ಒಂದು ಖಾಲಿಯಾದರೆ ತಾನೇ ಆ ಕಡೆಗೆ ವಾಲಿ ಕೂತು ಓಡಿಸುವುದು ಸಮತೋಲನವಲ್ಲದೆ ಮತ್ತೇನು? ಎಲ್ಲ ಗೊತ್ತಿದೆ. ಆದರೆ ಒಂದು ಕಾಗದವನ್ನು ಕೈಗೆ ಕೊಟ್ಟು, ಇದರಲ್ಲಿ ಸ್ವಲ್ಪ ಜಾಗ ಖಾಲಿ ಬಿಡಿ ಎಂದರೆ ಅವರ ಎದೆ ಹೊಡೆದುಕೊಳ್ಳುತ್ತದೆ. ಖಾಲಿ ಎಂದರೆ ಏನೋ ಕಳೆದುಹೋಗಿದೆ ಎಂಬ ಭಯ. ಒಮ್ಮೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಆಕಾಶವನ್ನು ಪುಟದ ಮೇಲ್ತುದಿಯಲ್ಲಿ ಒಂದು ನೀಲಿ ಪಟ್ಟಿಯಾಗಿ ಬಳಿದು, ನಡುವಿನದನ್ನೆಲ್ಲ ಬಿಳಿ ಬಿಟ್ಟಿದ್ದಳು. ಅಪರೂಪಕ್ಕೆ ಒಬ್ಬಳು ಬಿಟ್ಟಳಲ್ಲ ಎಂದು ಹಿಗ್ಗಿ, ಇದು ಏನಮ್ಮ ಎಂದು ಕೇಳಿದೆ. “ಅಲ್ಲಿ ಗಾಳಿ ಐತೆ ಸಾರ್,” ಎಂದಳು. ನನ್ನ ಇಡೀ ವೃತ್ತಿಯಲ್ಲಿ ನಾನು ಕೇಳಿದ ಅತ್ಯಂತ ಸರಿಯಾದ ಉತ್ತರ ಅದು. ಮರುವಾರ ನೋಡಿದರೆ ಆ ಗಾಳಿಯ ತುಂಬ ಹಕ್ಕಿಗಳನ್ನು ತುಂಬಿಸಿದ್ದಳು. ಅವಳ ಅಪ್ಪ, ಅಷ್ಟು ಜಾಗ ಯಾಕೆ ದಂಡ ಮಾಡಿದೀಯ ಎಂದು ಬೈದಿದ್ದರಂತೆ.

ಇಷ್ಟೆಲ್ಲ ವರ್ಷ ಊರವರ ಮೇಲೆ ಕೂಡಿಟ್ಟುಕೊಂಡ ಸಿಟ್ಟಿಗೆ ಒಂದು ದಾರಿ ಸಿಕ್ಕಿದ್ದು ನಮ್ಮ ಮಗಳು ಸಹನಾಳ ಮದುವೆ ಗೊತ್ತಾದಾಗ. ಗಂಡಿನ ಕಡೆಯವರು ಚನ್ನಗಿರಿಯವರು, ಸಜ್ಜನರು. ಊಟ, ಛತ್ರ, ಸೀರೆ ಯಾವುದರಲ್ಲೂ ನನ್ನ ಮಾತು ನಡೆಯುವುದಿಲ್ಲವೆಂದು ಗೊತ್ತಿತ್ತು. ನಾನು ಕೇಳಿದ್ದು ಒಂದೇ. ಕಾರ್ಡು ನನಗೆ ಬಿಡಿ ಎಂದೆ.

ನಮ್ಮ ಕಡೆಯ ಲಗ್ನಪತ್ರಿಕೆಯನ್ನು ನೀವು ನೋಡಿಯೇ ಇರುತ್ತೀರಿ. ಮೇಲೆ ಮನೆದೇವರು, ಅವರ ಪಕ್ಕ ಗಂಡಿನ ಮನೆದೇವರು, ಇಬ್ಬರಿಗೂ ಬೇಸರವಾಗದಿರಲೆಂದು ನಡುವೆ ಗಣಪತಿ. ಅದರ ಕೆಳಗೆ ವಧೂವರರ ಹೆಸರು, ಹಳದಿಯ ಮೇಲೆ ಕೆಂಪಿನಲ್ಲಿ, ಸುತ್ತ ಚಿನ್ನದ ಬಳ್ಳಿ. ಆಮೇಲೆ ಶುರುವಾಗುತ್ತದೆ ನೋಡಿ ‘ತಮ್ಮ ಸುಖಾಗಮನ ಬಯಸುವವರು’ ಎಂಬ ಜನಗಣತಿ. ದೊಡ್ಡಪ್ಪಂದಿರು, ಚಿಕ್ಕಪ್ಪಂದಿರು, ಸೋದರಮಾವಂದಿರು, ಅತ್ತೆಯರು, ಬೀಗರ ಬೀಗರು, ಪ್ರತಿ ಹೆಸರಿನ ಮುಂದೆ ಊರು, ತೀರಿಕೊಂಡವರ ಹಿಂದೆ ದಿವಂಗತದ ಗುರುತು. ಯಾರ ಹೆಸರು ಯಾರಿಗಿಂತ ಮೇಲೆ ಬರಬೇಕು ಎಂಬುದರ ಮೇಲೆ ಹತ್ತು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ನಾನು ಬಲ್ಲೆ. ಅಕ್ಷರ ಇರುವೆಯಷ್ಟಾಗಿ, ಇರುವೆಗೂ ನುಸುಳಲು ಜಾಗವಿಲ್ಲದಂತಾಗಿ, ಕೊನೆಗೆ ಮಕ್ಕಳ ಹೆಸರಿನಲ್ಲಿ ‘ನಮ್ಮ ಅತ್ತೆ ಮದ್ವೆಗೆ ತಪ್ಪದೆ ಬನ್ನಿ’ ಎಂಬ ತೊದಲು ಸಾಲು ಬಂದು ಕೂರುತ್ತದೆ. ಮುಹೂರ್ತ ಎಷ್ಟು ಗಂಟೆಗೆ ಎಂಬುದನ್ನು ಮಾತ್ರ ಭೂತಗನ್ನಡಿ ಹಿಡಿದು ಹುಡುಕಬೇಕು.

ನನ್ನ ಕಾರ್ಡು ಹಾಗಿರಲಿಲ್ಲ. ಅದನ್ನು ಬರೆಯಲು ನನಗೆ ಮೂರು ಭಾನುವಾರ ಹಿಡಿಯಿತು. ದಂತದ ಬಣ್ಣದ, ಸ್ವಲ್ಪ ತರಿತರಿಯಾದ ದಪ್ಪ ಕಾಗದ, ಬೆರಳಿಗೆ ಮೈವಳಿಕೆ ತಿಳಿಯಬೇಕು. ಮೇಲೆ ಕುಂಚವೆತ್ತದೆ ಎಳೆದ ಒಂದೇ ರೇಖೆ, ಎಡದಿಂದ ಬಲಕ್ಕೆ ಬಳುಕಿ ಮಾವಿನ ತೋರಣವಾಗುತ್ತದೆ. ಅದರಡಿ ತುಸು ಎಡಕ್ಕೆ ಇಬ್ಬರ ಹೆಸರು, ಕುಂಕುಮದ ಬಣ್ಣದಲ್ಲಿ. ಹೆತ್ತವರ ಹೆಸರು ಒಂದು ಸಾಲು, ದಿನ, ಹೊತ್ತು, ಛತ್ರ ಒಂದು ಸಾಲು. ಕೆಳಗಿನ ಅರ್ಧ ಏನೂ ಇಲ್ಲ, ಬಯಲು. ಆ ಬಯಲಿನಿಂದಲೇ ಮೇಲಿನ ಎರಡು ಹೆಸರು ದೀಪ ಹಚ್ಚಿಟ್ಟಂತೆ ಕಾಣುತ್ತಿದ್ದವು. ಜಂಬವೆನ್ನಿ, ನಾನು ಅದನ್ನು ಮೇಜಿನ ಮೇಲಿಟ್ಟು ಮೂರು ಸಲ ಎದ್ದು ಹೋಗಿ ಮೂರು ಸಲ ಬಂದು ನೋಡಿದೆ. ನನ್ನ ಜೀವಮಾನದಲ್ಲಿ ಎಲ್ಲ ಸರಿಯಾಗಿ ಕೂತ ಚಿತ್ರ ಅದೊಂದೇ.

ಮುದ್ರಣದ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುವ ನಾಗರತ್ನಮ್ಮನಿಗೆ ಅದನ್ನು ಕೊಟ್ಟೆ. ಆಕೆ ಇಪ್ಪತ್ತು ವರ್ಷದಿಂದ ಊರಿನ ಮದುವೆ, ಗೃಹಪ್ರವೇಶ, ಶಿವಗಣಾರಾಧನೆಗಳನ್ನೆಲ್ಲ ಅಕ್ಷರಕ್ಕಿಳಿಸಿದವರು. ಕನ್ನಡಕ ಮೇಲೇರಿಸಿ ನೋಡಿದರು. “ಭಾಳ ಚಂದ ಐತೆ ಸಾರ್. ಹೆಸರಿನ ಪಟ್ಟಿ ಯಾವಾಗ ಕೊಡ್ತೀರಿ?”

“ಪಟ್ಟಿ ಇಲ್ರಿ. ಇಷ್ಟೇ.”

“ಕೆಳಗೆ ಇಷ್ಟು ಖಾಲಿ ಐತಲ್ಲ ಸಾರ್?”

“ಅದು ಖಾಲಿ ಅಲ್ಲಮ್ಮ, ಅದೂ ಚಿತ್ರದ ಭಾಗ.”

ಆಕೆ ನನ್ನ ಮುಖವನ್ನೂ ಕಾರ್ಡನ್ನೂ ಒಂದಾದ ಮೇಲೊಂದು ನೋಡಿ, ದನಿ ತಗ್ಗಿಸಿ, “ಮನ್ಯಾಗೆ ಏನಾದ್ರೂ ಜಗಳ ಆಗೈತಾ ಸಾರ್?” ಎಂದರು. ನನಗೆ ರೇಗಿತು. ಚಿತ್ರಕಲೆಯ ಮೂಲಾಂಶಗಳನ್ನು ಆ ಅಂಗಡಿಯ ಕಟ್ಟೆಯ ಮೇಲೆ ನಿಂತು ಹತ್ತು ನಿಮಿಷ ಬೋಧಿಸಿದೆ. ಆಕೆ ತಾಳ್ಮೆಯಿಂದ ಕೇಳಿ, ಕೊನೆಗೆ, “ಕಮ್ಮಿ ಅಂದ್ರೆ ಒಂದು ಬಳ್ಳಿನಾದ್ರೂ ಹಾಕ್ಲಾ ಸಾರ್? ಪ್ರಿಂಟ್ ಆಗದೆ ಉಳಿದೈತೆ ಅಂತಾರೆ ಜನ,” ಎಂದರು. ಬೇಡವೆಂದು ಹಟ ಹಿಡಿದು, ನಾನೇ ಕೂತು ಅಚ್ಚು ಹಾಕಿಸಿಕೊಂಡು ಬಂದೆ.

ಜನ ಅದನ್ನೇ ಅಂದರು. ತ್ಯಾವಣಿಗೆಯಲ್ಲಿ ನಮ್ಮ ದೊಡ್ಡಪ್ಪನ ಮಗ ರುದ್ರೇಶಣ್ಣನಿದ್ದಾನೆ, ಅಡಿಕೆ ವ್ಯಾಪಾರ, ಮನೆತನಕ್ಕೆಲ್ಲ ಹಿರಿಯ. ಗಿರಿಜಳೂ ನಾನೂ ಹೋಗಿ, ಅರಿಶಿನ ಕುಂಕುಮ ಹಚ್ಚಿ, ಎರಡೂ ಕೈಯಲ್ಲಿ ಕಾರ್ಡು ಕೊಟ್ಟೆವು. ಆತ ಕಾರ್ಡನ್ನು ಕವರಿನಿಂದ ತೆಗೆದ, ತಿರುಗಿಸಿ ಹಿಂದೆ ನೋಡಿದ. ಕವರನ್ನು ಬಾಯಿ ಕೆಳಗೆ ಮಾಡಿ ಒದರಿದ. “ಇದು ಮೇಲಿಂದು ಅಲ್ಲೇನೋ? ಒಳಗಿನ ಕಾರ್ಡು ಬಿಟ್ಟು ಬಂದೀಯಾ?” ಎಂದ. ಇಷ್ಟೇ ಅಣ್ಣ ಎಂದಾಗ ಆತನ ಮುಖ ಬಾಡಿತು. “ಆತು ಬಿಡು. ನೀವು ಓದಿದೋರು, ನೀವೇ ಮದುವೆ ಮಾಡ್ಕೊಳ್ರಿ. ನಾವು ಬಂದು ಉಂಡು ಹೋಗ್ತೀವಿ,” ಎಂದು ಕಾರ್ಡನ್ನು ಟೀವಿಯ ಮೇಲೆ ಬೋರಲು ಇಟ್ಟ.  ದಾರಿಯುದ್ದಕ್ಕೂ ನಾನು, ಸೌಂದರ್ಯಕ್ಕೂ ಸಂಬಂಧಕ್ಕೂ ಯಾಕೆ ಗಂಟು ಹಾಕುತ್ತಾರೆ ಈ ಜನ ಎಂದು ಬಸ್ಸಿನ ಕಿಟಕಿಗೆ ಹೇಳುತ್ತ ಬಂದೆ.

ಇವರೆಲ್ಲ ಮುನಿದರೆ ಮುನಿಯಲಿ ಎಂದುಕೊಂಡಿದ್ದೆ. ಆದರೆ ಅಕ್ಕನ ಲೆಕ್ಕವೇ ಬೇರೆ. ಜಗಳೂರು ತಾಲ್ಲೂಕಿನ ಸೊಕ್ಕೆಗೆ ಕೊಟ್ಟ ನನ್ನ ಒಬ್ಬಳೇ ಅಕ್ಕ ಹಾಲಮ್ಮ. ನಮ್ಮಲ್ಲಿ ಸೋದರತ್ತೆ ಇಲ್ಲದೆ ಹೆಣ್ಣಿಗೆ ಅರಿಶಿನ ಹಚ್ಚುವುದಿಲ್ಲ. ಮೊದಲ ಅರಿಶಿನ ಅವಳ ಕೈಯಿಂದಲೇ ಆಗಬೇಕು. ಅದೂ ಅಲ್ಲದೆ ಸಹನಾ ಹುಟ್ಟಿದಾಗ ಮೂರು ತಿಂಗಳು ನಮ್ಮ ಮನೆಯಲ್ಲಿ ನಿಂತು ಮಗುವಿಗೆ ಎರೆದವಳು ಅಕ್ಕ. ಬಟ್ಟೆ ತರುವ ದಿನ ಆಕೆ ಹೊನ್ನಾಳಿಗೆ ಬಂದಿದ್ದಳು. ಜಗಳೂರು ಸೀಮೆಯ ನೆಂಟರಿಗೆಲ್ಲ ಆಕೆಯೇ ಕರೆ ಕೊಡಬೇಕಾಗಿದ್ದರಿಂದ ನಲವತ್ತು ಕಾರ್ಡಿನ ಒಂದು ಕಟ್ಟನ್ನು ಕೈಗಿಟ್ಟೆ. ಒಂದನ್ನು ಎಳೆದು ನೋಡಿದಳು. ತೋರಣದ ಗೆರೆಯ ಮೇಲೆ ಬೆರಳಾಡಿಸಿದಳು. ಕೆಳಗಿನ ಖಾಲಿಯ ಮೇಲೂ ಆಡಿಸಿದಳು. ಏನೂ ಅನ್ನದೆ ಚೀಲಕ್ಕೆ ಹಾಕಿಕೊಂಡು ಹೋದಳು. ಅಕ್ಕನಿಗಾದರೂ ಅರ್ಥವಾಯಿತಲ್ಲ ಎಂದು ನಾನು ಆ ರಾತ್ರಿ ನೆಮ್ಮದಿಯಾಗಿ ಮಲಗಿದ್ದೆ ಎಂಬುದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಹತ್ತು ದಿನ ಕಳೆದರೂ ಅಕ್ಕನ ಫೋನಿಲ್ಲ. ಮದುವೆಗೆ ಎಂಟು ದಿನವಿರುವಾಗ ಗಿರಿಜ ತಾನೇ ಮಾಡಿದಳು. ಮಾತು ಮುಗಿಸಿ ಬಂದವಳು ಬಾಗಿಲಿಗೆ ಒರಗಿ ನಿಂತಳು.

“ಯಾವಾಗ ಬರ್ತೀರಿ ಅಕ್ಕ ಅಂತ ಕೇಳ್ದೆ. ‘ಬರಾಕೆ ಕರೆದೋರು ಯಾರವ್ವ’ ಅಂದ್ರು. ಹೋಗಿ ಬರ್ರಿ. ನಿಮ್ಮ ಖಾಲಿ ಜಾಗ ನಮ್ಮ ಮಗಳ ಮದುವೆ ನುಂಗ್ತೈತೆ.”

ಮರುದಿನವೇ ಹೊರಟೆ. ಹೊನ್ನಾಳಿಯಿಂದ ದಾವಣಗೆರೆ, ಅಲ್ಲಿಂದ ಜಗಳೂರು, ಅಲ್ಲಿಂದ ಸೊಕ್ಕೆಯ ಬಸ್ಸು. ನಾನು ಹೊರಟದ್ದು ಪಶ್ಚಾತ್ತಾಪದಿಂದ ಎಂದುಕೊಳ್ಳಬೇಡಿ. ಹೊರಟದ್ದು ಪಾಠ ಮಾಡಲು. ಅಕ್ಕನಿಗೆ ಏನು ಹೇಳಬೇಕೆಂದು ದಾವಣಗೆರೆಯವರೆಗೆ ಅಂಶ ಅಂಶವಾಗಿ ಜೋಡಿಸಿಕೊಂಡೆ. ಹೆಸರು ಕಾರ್ಡಿನಲ್ಲಿದ್ದರೆ ಮಾತ್ರ ಪ್ರೀತಿಯೇ? ಎಲ್ಲರನ್ನೂ ಬಿಟ್ಟಿದ್ದೇನೆ, ನಿನ್ನೊಬ್ಬಳನ್ನೇ ಅಲ್ಲವಲ್ಲ? ವಾದ ಬಹಳ ಚೊಕ್ಕವಾಗಿತ್ತು. ಜಗಳೂರು ದಾಟಿದ ಮೇಲೆ ಎರಡೂ ಕಡೆ ಕೊಯ್ದು ಮುಗಿದ ಮೆಕ್ಕೆಜೋಳದ ಹೊಲಗಳು ಬಂದವು, ಕೂಳೆಯ ಸಾಲುಗಳು ದೂರ ಹೋಗುತ್ತ ಹೋಗುತ್ತ ಒಂದೇ ಚುಕ್ಕೆಗೆ ಸೇರುತ್ತಿದ್ದವು. ಈ ಸಾಲುಗಳನ್ನು ನೋಡುತ್ತಲೇ ನಾನು ಹೈಸ್ಕೂಲಿಗೆ ಹೋದವನು. ಎಂಟರಿಂದ ಹತ್ತರವರೆಗೆ ಅಕ್ಕನ ಮನೆಯಲ್ಲಿದ್ದು ಓದಿದೆ. ಅಲ್ಲಿಗೆ ಬಂದೊಡನೆ ಜೋಡಿಸಿಕೊಂಡ ವಾದದ ಒಂದೊಂದೇ ಎಳೆ ಸಡಿಲವಾಗತೊಡಗಿತು.

ಭಾವ ನೆನಪಾದರು. ತಿಪ್ಪೇರುದ್ರಪ್ಪ ಅವರ ಹೆಸರು. ಕಡಿಮೆ ಮಾತಿನ, ಎತ್ತರದ ಮನುಷ್ಯ. ನಾನು ಅವರ ಮನೆಯ ಸುಣ್ಣದ ಗೋಡೆಯ ಮೇಲೆ ಇದ್ದಿಲಿನಲ್ಲಿ ಎತ್ತು ಬರೆದಾಗ, ಅವರ ತಾಯಿ ಪೊರಕೆ ಎತ್ತಿಕೊಂಡು ಬಂದರೆ, “ಬಿಡವ್ವ, ನಮ್ಮ ಎತ್ತಿಗಿಂತ ಅದೇ ಚಂದ ಐತೆ,” ಎಂದಿದ್ದರು. ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆ ಎಂಬುದೊಂದಿದೆ, ಅದನ್ನು ಪಾಸು ಮಾಡಿದರೆ ಚಿತ್ರದ ದಾರಿ ಹಿಡಿಯಬಹುದು ಎಂದು ನಾನು ಹೇಳಿದಾಗ, ಅದೇನೆಂದು ಅವರಿಗೆ ತಿಳಿಯಲಿಲ್ಲ. ಆದರೂ ದಾವಣಗೆರೆಗೆ ಕರೆದುಕೊಂಡು ಹೋದರು, ಒಂದು ಬಣ್ಣದ ಡಬ್ಬಿ ಕೊಡಿಸಿದರು, ಬೆಳಗಿನಿಂದ ಸಂಜೆಯವರೆಗೆ ಪರೀಕ್ಷೆಯ ಕೋಣೆಯ ಹೊರಗೆ ಬೇವಿನ ಮರದಡಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ಹೊರಗೆ ಬಂದಾಗ, ಹೆಂಗಾತು ಎಂದು ಕೇಳಲಿಲ್ಲ, “ಹಸಿವಾತಾ?” ಎಂದರು. ಅವರು ತೀರಿಕೊಂಡು ಆರು ವರ್ಷವಾಯಿತು. ಆ ದಿನ ಅವರು ಮರದಡಿ ಕೂರದಿದ್ದರೆ ಕಾರ್ಡಿನ ಮೇಲಿನ ಆ ಒಂದು ರೇಖೆ ನನ್ನ ಕೈಗೆ ಬರುತ್ತಿರಲಿಲ್ಲ. ಅವರ ಹೆಸರಿಗೆ ನಾನು ಆ ಕಾರ್ಡಿನಲ್ಲಿ ಜಾಗ ಕೊಟ್ಟಿರಲಿಲ್ಲ. ಇದು ಮೂರು ಭಾನುವಾರ ಕೂತು ಬರೆಯುವಾಗ ಹೊಳೆಯಲಿಲ್ಲ, ಬಸ್ಸಿನಲ್ಲಿ ಹೊಳೆಯಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಸೊಕ್ಕೆಯಲ್ಲಿ ಅಕ್ಕನ ಮನೆ ಬಾಗಿಲು ತೆರೆದಿತ್ತು, ಅಕ್ಕ ಇರಲಿಲ್ಲ. ಪಕ್ಕದ ಮನೆಯವರು, ಗಿರಣಿಗೆ ಹೋಗೈತೆ, ಕುಂದ್ರಿ ಎಂದರು. ಪಡಸಾಲೆಯ ಮಂಚದ ಮೇಲೆ ಕೂತೆ. ಎದುರಿನ ಗೂಡಿನಲ್ಲಿ ನಾನು ಕೊಟ್ಟ ಕಾರ್ಡಿನ ಕಟ್ಟು ಹಾಗೆಯೇ ಇತ್ತು. ಒಂದನ್ನೂ ಹಂಚಿಲ್ಲ! ಅರ್ಧ ಇಳಿದಿದ್ದ ಸಿಟ್ಟು ಮತ್ತೆ ನೆತ್ತಿಗೇರಿತು. ಎದ್ದು ಹೋಗಿ ಕಟ್ಟನ್ನು ತೆಗೆದೆ.

ಮೇಲಿನ ಕಾರ್ಡನ್ನು ನೋಡಿದಾಗ ನನಗೆ ಮೊದಲು ಅನಿಸಿದ್ದನ್ನು ಮುಚ್ಚಿಡುವುದಿಲ್ಲ. ಕೆಡಿಸಿಬಿಟ್ಟಳು ಅನಿಸಿತು. ನನ್ನ ಬಯಲಿನ ತುಂಬ ಪೆನ್ಸಿಲಿನಲ್ಲಿ ಗೆರೆ ಎಳೆದು, ಗೆರೆಯ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ಹೆಸರು ಬರೆಯಲಾಗಿತ್ತು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳ ದುಂಡು ದುಂಡು ಅಕ್ಷರ. ‘ತಮ್ಮ ಸುಖಾಗಮನ ಬಯಸುವವರು’ ಎಂದು ಮೇಲೆ. ಅದರಡಿ ನಮ್ಮ ತಾತ, ಅಜ್ಜಿ, ಅಪ್ಪ, ಅವ್ವ, ಎಲ್ಲರ ಹಿಂದೆಯೂ ದಿವಂಗತದ ಗುರುತು. ರುದ್ರೇಶಣ್ಣ, ತ್ಯಾವಣಿಗೆ. ಗಿರಿಜಳ ಅಣ್ಣಂದಿರು, ಸಾಸ್ವೆಹಳ್ಳಿ. ಒಬ್ಬರನ್ನೂ ಬಿಟ್ಟಿರಲಿಲ್ಲ. ಎರಡನೆಯ ಕಾರ್ಡು ನೋಡಿದೆ, ಅದರಲ್ಲೂ ಅದೇ. ಮೂರನೆಯದು, ಹತ್ತನೆಯದು. ನಲವತ್ತು ಕಾರ್ಡಿಗೂ ಗೆರೆ ಎಳೆದು ಬರೆದಿದ್ದಳು. ಗೂಡಿನಲ್ಲಿ ಕಟ್ಟಿನ ಪಕ್ಕ ಒಂದು ಮರದ ಅಡಿಪಟ್ಟಿ ಇತ್ತು. ಹತ್ತನೇ ತರಗತಿ ಮುಗಿಸಿ ಹೋಗುವಾಗ ನಾನು ಬಿಟ್ಟುಹೋಗಿದ್ದ ಅಡಿಪಟ್ಟಿ, ತುದಿಯಲ್ಲಿ ನಾನೇ ಬ್ಲೇಡಿನಿಂದ ಕೆತ್ತಿದ್ದ ನನ್ನ ಹೆಸರು.

ನಾನು ಮತ್ತೆ ಮೊದಲ ಕಾರ್ಡಿಗೆ ಬಂದೆ. ಈ ಸಲ ಮೇಷ್ಟ್ರ ಕಣ್ಣಿನಿಂದ ನೋಡದೆ ಇರಲಾಗಲಿಲ್ಲ, ಚಟ. ಸಾಲುಗಳ ನಡುವಿನ ಅಂತರ ಸಮನಾಗಿತ್ತು. ಹಿರಿಯರ ಹೆಸರು ತುಸು ದೊಡ್ಡದು, ಕಿರಿಯರದು ಚಿಕ್ಕದು. ಎಡದ ಅಂಚು ಮೇಲಿನ ವಧೂವರರ ಹೆಸರಿನ ಅಂಚಿಗೆ ಸರಿಯಾಗಿ ಸೇರುತ್ತಿತ್ತು; ನನ್ನ ತೋರಣವನ್ನು ಅವಳ ಪೆನ್ನು ಎಲ್ಲೂ ಮುಟ್ಟಿರಲಿಲ್ಲ. ಕೊನೆಯ ಸಾಲಿನಲ್ಲಿ ಭಾವನ ಹೆಸರಿತ್ತು. ದಿವಂಗತ ತಿಪ್ಪೇರುದ್ರಪ್ಪ, ಸೊಕ್ಕೆ. ನಲವತ್ತೆರಡು ವರ್ಷ ಸಂಸಾರ ಮಾಡಿ ಒಂದು ದಿನವೂ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದವಳು ಅದನ್ನು ನಲವತ್ತು ಸಲ ಬರೆದಿದ್ದಳು. ಆದರೆ ಆ ಸಾಲು ಎಡದ ಅಂಚಿನಿಂದ ಶುರುವಾಗಿರಲಿಲ್ಲ. ಭಾವನ ಹೆಸರಿನ ಮೊದಲು ಎರಡು ಬೆರಳಿನಷ್ಟು ಜಾಗ ಬಿಟ್ಟಿತ್ತು. ಒಂದು ಕಾರ್ಡಿನಲ್ಲಿ ಕೈತಪ್ಪಿ ಆದದ್ದಲ್ಲ. ನಲವತ್ತರಲ್ಲೂ ಅಷ್ಟೇ ಅಗಲ.

ಹಿಟ್ಟಿನ ಡಬ್ಬಿ ಸೊಂಟದ ಮೇಲಿಟ್ಟುಕೊಂಡು ಅಕ್ಕ ಒಳಗೆ ಬಂದಳು. ನನ್ನನ್ನೂ ನನ್ನ ಕೈಯಲ್ಲಿದ್ದದ್ದನ್ನೂ ನೋಡಿದಳು.

“ಯಾವಾಗ ಬಂದ್ಯೋ? ನೀರು ಕುಡಿದ್ಯಾ?”

“ಅಕ್ಕ, ಇದೇನು ಇದು?”

“ಇನ್ನೇನು ಮಾಡ್ಲಿ? ಹಂಚಾಕೆ ಹೋದ್ರೆ ಮೊದಲನೇ ಮನ್ಯಾಗೇ ಕೇಳಿದ್ರು, ಹುಡುಗಿಗೆ ಹಿಂದುಮುಂದು ಯಾರೂ ಇಲ್ವಾ ಅಂತ. ನನಗೆ ಎದೆ ಒಡೆದಂಗಾತು. ಇಷ್ಟು ಜನ ಇದ್ದೂ ನನ್ನ ಸೊಸಿ ಅನಾಥಳಂಗೆ ಹೋಗಬೇಕಾ ಆ ಮನಿಗೆ? ವಾಪಸ್ ತಂದು ಬರೆದೆ.” ಡಬ್ಬಿ ಕೆಳಗಿಟ್ಟು ಕೈಯ ಹಿಟ್ಟು ಒರೆಸಿಕೊಂಡಳು. “ನಿನ್ನ ಚಿತ್ರ ಮುಟ್ಟಿಲ್ಲಪ್ಪ. ಅದು ಚಂದ ಐತೆ. ಅವರು ಇದ್ದಿದ್ರೆ ಊರಿಗೆಲ್ಲ ತೋರಿಸ್ಕೊಂಡು ಬರೋರು.”

“ಎಲ್ಲರದೂ ಬರೆದಿ. ನಿನ್ನ ಹೆಸರೆಲ್ಲಿ?”

ಅಕ್ಕ ಮಂಚದ ಇನ್ನೊಂದು ತುದಿಯಲ್ಲಿ ಕೂತಳು. 

“ನಾನೇ ಹೆಂಗೆ ಬರ್ಕೊಳ್ಳಲಿ? ಕಾರ್ಡಾಗೆ ಹೆಸರಿದ್ರೆ ಮನೆಯೋಳು, ಕರೆಯೋಳು. ಇಲ್ಲಾಂದ್ರೆ ಕರೆಸ್ಕೊಂಡು ಬಂದು ಉಂಡು ಹೋಗೋಳು. ನಾನು ಯಾವುದು ಅಂತ ನಾನೇ ಬರ್ಕೊಳ್ಳಾಕೆ ಆಗ್ತೈತೇನೋ? ಜಾಗ ಬಿಟ್ಟೀನಿ, ನೋಡು.”

ನೋಡಿದೆ. ಇಪ್ಪತ್ತೈದು ವರ್ಷ ಮಕ್ಕಳಿಗೆ ಖಾಲಿ ಜಾಗದ ಮಹಿಮೆಯನ್ನು ಬೋರ್ಡಿನ ಮೇಲೆ ಬರೆದವನು ನಾನು. ಅರ್ಧ ಕಾರ್ಡು ಖಾಲಿ ಬಿಟ್ಟೆ, ನೋಡಿದವರಿಗೆಲ್ಲ ಅದರಲ್ಲಿ ಕಂಡದ್ದು ತಾವು ಇಲ್ಲವೆಂಬುದು. ಅಕ್ಕ ಬಿಟ್ಟದ್ದು ಎರಡು ಬೆರಳಿನಗಲ, ಅದನ್ನು ತುಂಬಲೆಂದೇ ಬಸ್ಸು ಹತ್ತಿ ಬಂದವನಂತೆ ಕೂತಿದ್ದೆ ನಾನು. ಇದಕ್ಕಿಂತ ಹೆಚ್ಚಿನ ಪ್ರಾಧಾನ್ಯವನ್ನು ಇದಕ್ಕಿಂತ ಕಡಿಮೆ ಜಾಗದಲ್ಲಿ ತೋರಿಸುವುದು ನನಗೆ ಗೊತ್ತಿಲ್ಲ. ಹೆಸರುಗಳನ್ನು ನಾನು ಅಲಂಕಾರ ಎಂದುಕೊಂಡಿದ್ದೆ, ಕಡಿಮೆಯಾದಷ್ಟೂ ಚೆಂದ ಎಂದುಕೊಂಡಿದ್ದೆ. ಅವು ಬಾಗಿಲಲ್ಲಿ ನಿಂತು ಬನ್ನಿ ಎನ್ನುವ ಜನ ಎಂಬುದು ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ಅಕ್ಕನಿಗೆ ಗೊತ್ತಿತ್ತು, ನಾಗರತ್ನಮ್ಮನಿಗೆ ಗೊತ್ತಿತ್ತು, ಮೇಷ್ಟ್ರಿಗೆ ಗೊತ್ತಿರಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ. ಅಕ್ಕ, “ಮದುವಿ ಮನಿಯೋನು ಅಳಬಾರದು, ಸುಮ್ಕಿರು,” ಎಂದು ಗದರಿಸಿ ಚಹಾ ಇಡಲು ಎದ್ದಳು.

ಅವಳ ನೀಲಿ ಪೆನ್ನಿನಲ್ಲೇ ಬರೆದೆ. ಶ್ರೀಮತಿ ಹಾಲಮ್ಮ. ಆ ಜಾಗಕ್ಕೆ ಅಕ್ಷರ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದೆ ಕೂತಿತು. ನಲವತ್ತು ಸಲ ಬರೆದು ಮುಗಿಸುವಾಗ ಬಿಸಿಲು ಹೊಸ್ತಿಲು ದಾಟಿ ಪಡಸಾಲೆಗೆ ಬಂದಿತ್ತು. ಅಕ್ಕ ಚಹಾ ಕೊಟ್ಟಳು, ಮಂಡಕ್ಕಿ ಕೊಟ್ಟಳು, ಎಲ್ಲವನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು. ಒಂದು ಕಾರ್ಡಿನಲ್ಲಿ ನನ್ನ ಅಕ್ಷರ ಸೊಟ್ಟಗಾಗಿದೆಯೆಂದು ತೋರಿಸಿ, “ಮೇಷ್ಟ್ರಾಗಿ ಹಿಂಗೆ ಬರೀತಾರೇನೋ?” ಎಂದು ಅದನ್ನು ನನಗೇ ವಾಪಸು ಕೊಟ್ಟಳು.

ಆಮೇಲೆ ಎಲ್ಲ ಸರಿಹೋಯಿತು ಎಂದುಕೊಂಡಿರೇನು? ನಮ್ಮ ಜನ ಹಾಗೆ ಬಿಡುವವರಲ್ಲ. ಅಕ್ಕ ಮದುವೆಗೆ ನಾಲ್ಕು ದಿನ ಮುಂಚೆಯೇ ಬಂದು ಇಳಿದಳು, ಸಹನಾಳ ಕೆನ್ನೆಗೆ ಮೊದಲ ಅರಿಶಿನ ಹಚ್ಚಿದಳು, ಅಡುಗೆಯವರನ್ನು ಬೈದಳು, ನನ್ನನ್ನೂ ಬೈದಳು. ಆದರೆ ಸೊಕ್ಕೆಯ ನೆಂಟರು ಛತ್ರಕ್ಕೆ ಕಾರ್ಡು ಹಿಡಿದು ಬಂದಾಗ ರುದ್ರೇಶಣ್ಣ ಅದನ್ನು ನೋಡಿಬಿಟ್ಟ. “ಅವರಿಗೆ ಹೆಸರಿರೋದು, ನಮಗೆ ಸಾದಾದ್ದಾ?” ಎಂದು ಶುರು ಮಾಡಿದ. ಅಣ್ಣ, ಅದರಲ್ಲಿ ನಿನ್ನ ಹೆಸರೂ ಇದೆ ನೋಡು ಎಂದು ಕಾರ್ಡನ್ನು ಕೈಗೆ ಕೊಟ್ಟೆ. ಕನ್ನಡಕ ಹಾಕಿ, ಬೆರಳಿಟ್ಟು ಒಂದೊಂದೇ ಸಾಲು ಇಳಿದು, ತನ್ನ ಹೆಸರು ಮುಟ್ಟಿ, ಮೇಲಿನಿಂದ ಎಣಿಸಿದ. “ಐದನೇ ಸಾಲಾ?” ಎಂದ. ಇಂಥವರಿಗೆ ವಿನ್ಯಾಸದ ತತ್ತ್ವ ಕಲಿಸಲು ನನ್ನನ್ನು ಸರ್ಕಾರ ನೇಮಿಸಿದೆ.

ಅಕ್ಕ ವಾಪಸು ಕೊಟ್ಟ ಆ ಸೊಟ್ಟ ಅಕ್ಷರದ ಕಾರ್ಡನ್ನು ನಾನು ಮೇಜಿನ ಮೇಲಿಟ್ಟಿದ್ದೆ. ಮದುವೆಯ ಮರುವಾರ, ಮನೆ ಸ್ವಚ್ಛ ಮಾಡುತ್ತಿದ್ದ ಗಿರಿಜ ಅದನ್ನು ಎತ್ತಿಕೊಂಡು ಅಡುಗೆಮನೆಯ ಬಾಗಿಲ ಹಿಂದೆ ಹೋದಳು. ತಂತಿಯ ಕೊಕ್ಕೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಕಾರ್ಡನ್ನು ಆ ಕಡೆ ಈ ಕಡೆ ತಿರುಗಿಸಿದಳು. ಮೇಲೆ ತೋರಣ, ಅದರಡಿ ಮಗಳು ಅಳಿಯ. ಎಡಕ್ಕೆ ಸರಿಸಿದರೆ ನಮ್ಮ ಅವ್ವ, ಬಲಕ್ಕೆ ಸರಿಸಿದರೆ ಅವಳ ಅಣ್ಣ, ಕೆಳಗೆ ಇಳಿಸಿದರೆ ಭಾವ, ಭಾವನ ಪಕ್ಕದಲ್ಲಿ ಅಕ್ಕ. ಬಹಳ ಹೊತ್ತು ಹುಡುಕಿದಳು. ಆಮೇಲೆ ಕೊಕ್ಕೆಯನ್ನು ಬಿಟ್ಟು, ಕಾರ್ಡನ್ನು ಸೆರಗಿನಿಂದ ಒರೆಸಿ, ದೇವರ ಗೂಡಿನಲ್ಲಿ ಒರಗಿಸಿಟ್ಟು ಬಂದಳು.

“ಚುಚ್ಚಾಕೆ ಎಲ್ಲೂ ಜಾಗ ಇಲ್ರಿ,” ಎಂದಳು.